ಇಲ್ಲೇ ಕೂತಿದ್ದೀವಿ

ದೋಣಿಯ ಮೂತಿ ಮರಳಿಗೆ ಉಜ್ಜಿ ನಿಂತಾಗ ಅಗ್ರಫೀನಾಳಿಗೆ ಇಳಿಯಬೇಕೆನಿಸಲಿಲ್ಲ. ಇಪ್ಪತ್ತೆರಡು ಬೇಸಿಗೆಗಳಿಂದ ಈ ಬಯಲಿಗೆ ಮೊದಲು ಕಾಲಿಡುವವಳು ಅವಳೇ. ಮೊಣಕಾಲಿನ ತನಕದ ತಣ್ಣೀರಿನಲ್ಲಿ ನಿಂತು, ಕರಡಿ ನೋಡಲು ಬಂದವರನ್ನು ಒಬ್ಬೊಬ್ಬರಾಗಿ ಕೈಹಿಡಿದು ಇಳಿಸಿ, ಅವರು ಮರಳಿನ ಮೇಲೆ ರಬ್ಬರ್ ಬೂಟು ಕುಟ್ಟುತ್ತಾ ನಗುತ್ತಿರುವಾಗ ತಾನು ಅವರಿಗೆ ಬೆನ್ನುಹಾಕಿ ಬಯಲಿನ ಕಡೆ ಮುಖಮಾಡಿ ಮಾತು ಶುರುಮಾಡುವಳು. ಆ ಮಾತು ಬಂದವರಿಗಲ್ಲ. ಜೊಂಡುಹುಲ್ಲಿನಲ್ಲಿ ಮೇಯುತ್ತಿರುವವರಿಗೆ, ಆಲ್ಡರ್ ಪೊದೆಗಳ ಹಿಂದೆ ಮಲಗಿರುವವರಿಗೆ. 'ನಾವಮ್ಮ, ನಾವೇ ಬಂದಿರೋದು. ಇಲ್ಲೇ ಕೂತಿರ್ತೀವಿ. ನಿಮ್ಮ ಪಾಡಿಗೆ ನೀವಿರಿ.' ಕೂಗಬಾರದು, ಪಿಸುಗುಟ್ಟಲೂಬಾರದು. ಹಿಟ್ಟು ನಾದುತ್ತಾ ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ದನಿ ಸಾಕು. ಮನುಷ್ಯರು ಎಲ್ಲಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂಬುದು ಕರಡಿಗೆ ಸದಾ ತಿಳಿದಿರಬೇಕು. ತಿಳಿದಿದ್ದರೆ ಅದು ಬೆಚ್ಚುವುದಿಲ್ಲ, ಬೆಚ್ಚದಿದ್ದರೆ ಮೈಮೇಲೆ ಬರುವುದಿಲ್ಲ. ಅವಳ ಕೆಲಸವೆಲ್ಲ ಇಷ್ಟೇ. ಸೊಂಟದ ಚೀಲದಲ್ಲಿ ಕರಡಿಯನ್ನು ಬೆದರಿಸುವ ಎರಡು ದಪ್ಪ ಬೆಂಕಿಕಡ್ಡಿಗಳಿವೆ, ಕೈಯಲ್ಲಿ ಹಿಡಿದು ಹೊತ್ತಿಸಿದರೆ ಕೆಂಪಗೆ ಉರಿಯುವಂಥವು. ಬಂದೂಕು ತರುವ ಪದ್ಧತಿಯಿಲ್ಲ. ಆ ಕಡ್ಡಿಗಳನ್ನು ಅವಳು ಇಂದಿನವರೆಗೂ ಹೊತ್ತಿಸಿದವಳಲ್ಲ. ದನಿಯೇ ಸಾಕಾಗಿತ್ತು. ಆದರೆ ಈ ವರ್ಷ ಆ ದನಿ ಗಂಟಲಿನಲ್ಲೇ ಎಲ್ಲೋ ಕಚ್ಚಿಕೊಂಡು ಕೂತಿದೆ. ಆಡಿದರೂ ಅದು ಬೇರೆ ಯಾರೋ ತನ್ನನ್ನು ಅಣಕಿಸಿದ ಹಾಗೆ ಕೇಳುತ್ತದೆ.

'ಇಳಿಯಕ್ಕ. ನೀರು ಇಳೀತಾ ಇದೆ. ದೋಣಿ ಕೂತ್ಬಿಟ್ರೆ ತಳ್ಳೋನು ನಾನೇ, ಈ ಸಾಹೇಬ್ರುಗಳಲ್ಲ,' ಎಂದ ಲಾರಿಯನ್, ಎಂಜಿನ್ನಿನ ಹಿಡಿಯ ಮೇಲೆ ಕೈಯಿಟ್ಟುಕೊಂಡೇ. ಅವಳ ತಮ್ಮ, ಆರು ವರ್ಷ ಚಿಕ್ಕವನು. ಬೆಳಿಗ್ಗೆ ಇಳಿಸಿಹೋಗಿ, ಮಧ್ಯಾಹ್ನದ ಮೇಲೆ ಭರತ ತಿರುಗಿದಾಗ ಬಂದು ಕರೆದೊಯ್ಯುವುದು ಅವನ ಕೆಲಸ.

ಅವಳು ಇಳಿದಳು. ಆರು ಜನ ಬಂದಿದ್ದರು. ದೊಡ್ಡ ಕ್ಯಾಮೆರಾಗಳನ್ನು ಕೂಸುಗಳಂತೆ ಎದೆಗವುಚಿಕೊಂಡ ಅಣ್ಣತಮ್ಮಂದಿರಿಬ್ಬರು, ಮಾತೇ ಆಡದ ಗಂಡಹೆಂಡತಿ, ಮಾರ್ನಿ ಎಂಬ ಹುಡುಗಿ, ಮತ್ತು ಓರಿನ್. ಓರಿನ್ ಮುದುಕ ಬರುತ್ತಿರುವುದು ಇದು ಐದನೆಯ ಬೇಸಿಗೆ. ಇಡೀ ಅಲಾಸ್ಕದಲ್ಲಿ ತನಗೆ ಗೊತ್ತಿರುವ ಜಾಗ ಇದೊಂದೇ, ಬೇರೆ ಬೇಕಾಗಿಯೂ ಇಲ್ಲ ಎನ್ನುತ್ತಾನೆ. ದೋಣಿಯಲ್ಲಿ ಅವನು ಬೇಕೆಂದೇ ಅವಳ ಪಕ್ಕ ಕೂತಿದ್ದ. ಕೊಲ್ಲಿ ದಾಟುವಷ್ಟು ಹೊತ್ತೂ ತಾಳಿಕೊಂಡಿದ್ದು, ಬಯಲು ಕಾಣಿಸಿದ ಮೇಲೆ ಕೇಳಿದ್ದ: 'ನಮ್ಮ ಹರಕುಕಿವಿಯವಳು ಬಂದಿದ್ದಾಳೇನಮ್ಮ?' ಕರಡಿಗಳಿಗೆ ಹೆಸರಿಡುವುದು ಅವಳ ಮನೆಯಲ್ಲಿ ಕೂಡದು. ಹೆಸರಿರಲಿ, ಕರಡಿ ಎಂದು ಬಾಯಿಬಿಟ್ಟು ಹೇಳುವುದನ್ನೂ ಅಜ್ಜಿ ಸಹಿಸುತ್ತಿರಲಿಲ್ಲ, 'ಆಚೆಯೋರು' ಅನ್ನಬೇಕು. ಅವರಿಗೆ ಎಲ್ಲ ಕೇಳಿಸುತ್ತದೆ, ಎಷ್ಟು ದೂರವಿದ್ದರೂ. ಆದರೆ ಬರುವವರು ಹೆಸರಿಡುತ್ತಾರೆ, ಆ ಹೆಸರು ನಿಲ್ಲುತ್ತದೆ. 'ಈ ವರ್ಷ ಇನ್ನೂ ಕಂಡಿಲ್ಲ,' ಎಂದಿದ್ದಳು. ಅದರಲ್ಲಿ ಸುಳ್ಳಿನ ಒಂದು ಅಕ್ಷರವೂ ಇರಲಿಲ್ಲ. ಹಿಂದೆ ಎಂಜಿನ್ನು ಹಿಡಿದಿದ್ದ ಲಾರಿಯನ್ ಆ ಕ್ಷಣ ನೀರಿನ ಕಡೆ ಉಗುಳಿದ್ದು ಅವಳಿಗೆ ಕೇಳಿಸಿತ್ತು.

ಅವರು ಸಾಲಾಗಿ, ಒಬ್ಬರ ಹಿಂದೆ ಒಬ್ಬರು ಒತ್ತಿಕೊಂಡು, ಜೊಂಡಿನ ಅಂಚಿನಲ್ಲಿ ನಡೆದರು. ಹಾಗೆ ನಡೆಯುವುದು ನಿಯಮ: ಏಳು ಜನ ಒಂದೇ ದೊಡ್ಡ ಪ್ರಾಣಿಯಂತೆ ಕಾಣಬೇಕು. ನದಿ ತಿರುಗುವಲ್ಲಿ ಸಮುದ್ರ ತಂದೊಗೆದ ಒಂದು ಮರದ ದಿಮ್ಮಿಯಿದೆ, ಉಪ್ಪಿಗೆ ಬೆಳ್ಳಗಾಗಿ ಎಲುಬಿನಂತಾದದ್ದು. ಪ್ರತಿದಿನ ಕೂರುವುದು ಅಲ್ಲೇ. ಜಾಗ ಬದಲಿಸಬಾರದು. ಆಚೆಯವರಿಗೆ ಇದು ಮನುಷ್ಯರ ಜಾಗ ಎಂದು ಗೊತ್ತಾಗಿರುತ್ತದೆ, ತಾಯಿಯಿಂದ ಮರಿಗೆ ಗೊತ್ತಾಗುತ್ತದೆ. ಹರಕುಕಿವಿಯವಳು ಅದನ್ನು ಮಿಕ್ಕವರಿಗಿಂತ ಒಂದು ಹೆಜ್ಜೆ ಮುಂದಕ್ಕೆ ತಿಳಿದುಕೊಂಡಿದ್ದಳು. ದೊಡ್ಡ ಗಂಡುಗಳು ಮರಿಗಳನ್ನು ಕೊಲ್ಲುತ್ತವೆ, ಆದರೆ ಅವು ಮನುಷ್ಯರ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಮೀನಿಗೆ ಇಳಿಯುವ ಮುಂಚೆ ಅವಳು ತನ್ನ ಎರಡು ಮರಿಗಳನ್ನು ಕರೆತಂದು ಈ ದಿಮ್ಮಿಯಿಂದ ಹತ್ತು ಹೆಜ್ಜೆಯಾಚೆ ಬಿಟ್ಟು, ಒಮ್ಮೆ ಅಗ್ರಫೀನಾಳ ಕಡೆ ನೋಡಿ, ಹೋಗಿಬಿಡುತ್ತಿದ್ದಳು. ಗದ್ದೆಗೆ ಹೋಗುವ ಹೆಂಗಸು ಪಕ್ಕದ ಮನೆ ಜಗಲಿಯಲ್ಲಿ ಕೂಸು ಬಿಟ್ಟುಹೋಗುವಂತೆ. ಎರಡು ಬೇಸಿಗೆ ಹಾಗೆ ನಡೆಯಿತು. ಮರಿಗಳು ಜನರಿಗೆ ಬೆನ್ನುಹಾಕಿ, ನದಿಯ ಕಡೆ ಮೂತಿ ಮಾಡಿ ಮಲಗುತ್ತಿದ್ದವು. ಬಂದವರು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಅಳುತ್ತಿದ್ದರು. ಅಗ್ರಫೀನಾ ತನ್ನ ಮಾತನ್ನು ಆಡುತ್ತಲೇ ಇರುತ್ತಿದ್ದಳು: ಇಲ್ಲೇ ಕೂತಿದ್ದೀವಿ ಕಣಮ್ಮ, ಎಲ್ಲೂ ಹೋಗಲ್ಲ. ಒಳಗೊಳಗೇ ಅವಳಿಗೆ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯನ್ನು ನೆನೆದರೆ ಈಗ ಕೆನ್ನೆ ಸುಡುತ್ತದೆ, ಚಿಕ್ಕಂದಿನಲ್ಲಿ ಪಾದ್ರಿಯ ಮುಂದೆ ನಿಂತಾಗ ಸುಡುತ್ತಿದ್ದಂತೆ.

ನದಿಯ ತಿರುವಿನ ನೊರೆನೀರಿನಲ್ಲಿ ಒಂದು ಕಪ್ಪು ಗಂಡು ಕರಡಿ ನಿಂತಿತ್ತು. ಕುತ್ತಿಗೆಯ ಮೇಲೆ ಹಳೆಯ ಗಾಯದ ಬೋಳು ಗೆರೆಗಳು. ಮೀನು ಸಮುದ್ರದಿಂದ ನದಿಗೆ ಈಗಷ್ಟೇ ಹತ್ತತೊಡಗಿದ್ದರಿಂದ ಅದು ತಾಳ್ಮೆಯಿಂದ, ಬಸ್ಸಿಗೆ ಕಾಯುವವರಂತೆ, ನೀರು ನೋಡುತ್ತಾ ನಿಂತಿತ್ತು. ಅಣ್ಣತಮ್ಮಂದಿರ ಕ್ಯಾಮೆರಾಗಳು ಕಟಕಟಿಸಿದವು. 'ಇದು ನಮ್ಮ ಕಡೆ ಬರಲ್ವಾ?' ಎಂದು ಮಾರ್ನಿ ಕೇಳಿದಳು. 'ಇದು ಬರಲ್ಲ. ಬರೋರು ಬೇರೆ,' ಎಂದು ಉತ್ತರ ಕೊಟ್ಟವನು ಓರಿನ್. ಅವನು ಈಗಾಗಲೇ ಆ ಹುಡುಗಿಗೆ ಎಲ್ಲ ಹೇಳಿಮುಗಿಸಿದ್ದ: ಕಿವಿ ಹೇಗೆ ಹರಿದಿತ್ತು, ಮರಿಗಳಲ್ಲೊಂದಕ್ಕೆ ಕೊರಳ ಸುತ್ತ ಬಿಳಿಯ ಪಟ್ಟಿ ಹೇಗಿತ್ತು, ಈ ಅಮ್ಮನ ದನಿ ಕೇಳಿದರೆ ತಾಯಿ ಎಲ್ಲಿದ್ದರೂ ಹೇಗೆ ಹುಡುಕಿಕೊಂಡು ಬರುತ್ತಿತ್ತು. 'ದನಿಯ ಗುರುತು ಹಿಡೀತಾಳೆ ಅವಳು. ಹೌದಲ್ವೇನಮ್ಮ?' ಅಗ್ರಫೀನಾ ಬುತ್ತಿಯ ಗಂಟು ಬಿಚ್ಚುವುದರಲ್ಲಿ ತೊಡಗಿದಳು. ಬೆಳಿಗ್ಗೆ ತಾನೇ ಹಿಟ್ಟಿನೊಳಗೆ ಮೀನು ತುಂಬಿ ಬೇಯಿಸಿದ ಪಿರೋಕ್, ಮೇಲಿನ ಹಿಟ್ಟು ಒಂದು ಕಡೆ ಸೀದುಹೋಗಿತ್ತು. ಸೀದ ತುಂಡನ್ನು ತಾನಿಟ್ಟುಕೊಂಡು ಉಳಿದದ್ದನ್ನು ಹಂಚಿದಳು.

ದನಿಯ ಗುರುತು ಹಿಡಿಯುತ್ತಾಳೆ. ಕಳೆದ ಸೆಪ್ಟೆಂಬರಿನ ಕೊನೆಯ ಆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಮೀನನ್ನು ಹೊಗೆಗಿಟ್ಟು ಒಣಗಿಸುವ ಹೊಗೆಮನೆಯ ಬಾಗಿಲಲ್ಲಿ ನಿಂತರೆ ಮೀನು ಸೀಳುವ ಹಲಗೆ ಕಾಣಿಸುತ್ತಿರಲಿಲ್ಲ. ನೋಡಲು ಬರುವವರೆಲ್ಲ ಹೋಗಿ ಮೂರು ವಾರವಾಗಿತ್ತು. ಕೊಲ್ಲಿಯ ಈಚೆ, ಹಳ್ಳಿಯ ಕೊನೆಯಲ್ಲಿ, ಅವಳು ಒಬ್ಬಳೇ ಮೀನಿನ ಪಟ್ಟಿಗಳನ್ನು ಕೋಲಿಗೆ ಹಾಕುತ್ತಿದ್ದಳು. ಮೊಣಕೈವರೆಗೆ ಮೀನಿನ ಎಣ್ಣೆ. ಬಂದೂಕು ಬಾಗಿಲ ಪಕ್ಕ ಒರಗಿತ್ತು, ಎಲ್ಲರ ಹೊಗೆಮನೆಯಲ್ಲೂ ಒರಗಿರುವಂತೆ. ದಡದ ಕಲ್ಲುಗಳ ಮೇಲೆ ಭಾರದ ಸದ್ದಾಯಿತು, ಆಮೇಲೆ ಉಸಿರಿನ ಸದ್ದು. ಆಗ ಹಳ್ಳಿಯ ಯಾವ ಹೆಂಗಸಾದರೂ ಏನು ಮಾಡುತ್ತಾಳೆಂಬುದು ಅವಳಿಗೆ ನಡೆಯಲು ಕಲಿಯುವ ಮುಂಚೆಯೇ ಗೊತ್ತಿತ್ತು. ಪಾತ್ರೆ ಬಡಿಯಬೇಕು. ಬೋಗುಣಿ, ತಗಡು, ಕೈಗೆ ಸಿಕ್ಕಿದ್ದನ್ನು ಬಡಿದು 'ಹೋಗು, ಹೋಗು' ಎಂದು ಗದರಬೇಕು. ಅದಕ್ಕೂ ಜಗ್ಗದಿದ್ದರೆ ಮೇಲಕ್ಕೊಂದು ಗುಂಡು. ಅಜ್ಜಿಯ ಕೈಯ ಬೋಗುಣಿಗೆ ಒಂದು ಪಕ್ಕ ತಗ್ಗೇ ಬಿದ್ದಿತ್ತು. ಆದರೆ ಅಗ್ರಫೀನಾಳ ಬಾಯಿ ಅವಳನ್ನು ಕೇಳದೆಯೇ ತೆರೆದುಕೊಂಡಿತು. ಇಪ್ಪತ್ತೊಂದು ಬೇಸಿಗೆಗಳ ಅಭ್ಯಾಸ. 'ನಾವಮ್ಮ, ನಾವೇ. ಇಲ್ಲೇ ಕೂತಿದ್ದೀವಿ.' ಮಂಜಿನೊಳಗೆ ಉಸಿರು ನಿಂತಿತು. ಒಂದು ಗಳಿಗೆಯ ನಂತರ ಸದ್ದು ದಿಕ್ಕು ಬದಲಿಸಿ ನೇರ ಅವಳತ್ತಲೇ ಬರತೊಡಗಿತು, ಓಟವಲ್ಲ, ಮನೆಗೆ ಬರುವವರ ನಡಿಗೆ. ಮೊದಲು ತಲೆ ಕಂಡಿತು, ಆಮೇಲೆ ಹೆಗಲು, ಆಮೇಲೆ ಹಿಂದೆ ಇನ್ನೆರಡು ಆಕಾರ. ಇಪ್ಪತ್ತು ಹೆಜ್ಜೆ, ಹದಿನೈದು ಹೆಜ್ಜೆ. ಬೆನ್ನ ಹಿಂದೆ ಆರು ಜನರಿರಲಿಲ್ಲ, ಬಯಲಿರಲಿಲ್ಲ, ದಿಮ್ಮಿಯಿರಲಿಲ್ಲ. ಮೈಯೆಲ್ಲ ಮೀನು ನಾರುವ ಒಬ್ಬ ಹೆಂಗಸು ಮಾತ್ರ ಇದ್ದಳು. ಕೈ ಬಂದೂಕಿಗೆ ಹೋದದ್ದು ನೆನಪಿದೆ. ಮೊದಲ ಗುಂಡಿಗೆ ಅದು ಬೀಳಲಿಲ್ಲ; ಕೂತಿತು. ಬಾ ಎಂದು ಕರೆದವರು ಬಾಗಿಲು ತೆಗೆಯಲಿ ಎಂದು ಕಾಯುತ್ತಾ ಕೂರುವ ಹಾಗೆ ಕೂತು ಅವಳನ್ನೇ ನೋಡಿತು. ಎರಡನೆಯದಕ್ಕೆ ಮಲಗಿತು. ಮರಿಗಳು ಮಂಜಿನಲ್ಲಿ ಮರೆಯಾಗಿದ್ದವು. ಹತ್ತಿರ ಹೋದಾಗಲೇ ಹರಿದ ಕಿವಿ ಕಂಡದ್ದು.

ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದು ಬರಿಗಾಲಲ್ಲೇ ಓಡಿಬಂದ ಲಾರಿಯನ್ ಸುತ್ತ ಒಮ್ಮೆ ನೋಡಿ, ಅವಳ ಕೈಯಿಂದ ಬಂದೂಕು ತೆಗೆದುಕೊಂಡಿದ್ದ. 'ನಾನು ಹೊಡೆದೆ,' ಎಂದ. ಅವಳಿಗೆ ಅರ್ಥವಾಗಲಿಲ್ಲ. 'ನಾನು ಹೊಡೆದಿದ್ದು, ತಿಳೀತಾ? ನೀನು ಒಳಗೆ ಮೀನು ಹಾಕ್ತಿದ್ದೆ. ಅದನ್ನ ತೋರಿಸೋಳೇ ಅದನ್ನ ಹೊಡೆದಳು ಅಂದ್ರೆ ಮುಂದಿನ ವರ್ಷ ನಿನ್ನ ಹಿಂದೆ ಯಾರು ಬರ್ತಾರೆ? ನಾನಂದ್ರೆ ನಾಲ್ಕು ದಿನ ಬಯ್ತಾರೆ, ಬಿಡ್ತಾರೆ.' ಸರ್ಕಾರದ ಕಾಗದದ ಮೇಲೆ ಅವನೇ ಸಹಿ ಹಾಕಿದ. ಮನೆಗೆ ನುಗ್ಗಿದ್ದನ್ನು ಕೊಂದರೆ ಚರ್ಮ ಮತ್ತು ತಲೆಯನ್ನು ಕಚೇರಿಗೆ ಒಪ್ಪಿಸಬೇಕು. ಆಚೆಯವರನ್ನು ಕೊಂದರೆ ಅವರ ತಲೆಯನ್ನು ಅವರ ನೆಲದಲ್ಲೇ ಬಿಡಬೇಕು, ಬೇರೆಡೆ ಒಯ್ಯಬಾರದು ಎಂದು ಅಜ್ಜಿ ಹೇಳುತ್ತಿದ್ದಳು. ಆ ತಲೆ ಕರಿಯ ಪ್ಲಾಸ್ಟಿಕ್ ಚೀಲದಲ್ಲಿ, ಅಂಚೆಯ ವಿಮಾನದಲ್ಲಿ, ಯಾರದೋ ಹಾಲಿನಪುಡಿ ಡಬ್ಬಗಳ ಪಕ್ಕ ಕೂತು ಹೋಯಿತು. ಬೈಗುಳ ನಾಲ್ಕು ದಿನಕ್ಕೆ ನಿಲ್ಲಲಿಲ್ಲ. ಭಾನುವಾರದ ಪೂಜೆ ಮುಗಿದು ಚಹಾ ಕುಡಿಯುವಾಗ ಯಾರಾದರೊಬ್ಬರು ಅನ್ನುತ್ತಿದ್ದರು, 'ಅಕ್ಕ ಮಾತಾಡಿಸಿ ಕರೀತಾಳೆ, ತಮ್ಮ ಗುಂಡು ಹಾಕ್ತಾನೆ. ಒಳ್ಳೆ ಜೋಡಿ.' ಹೇಳಿದವರಿಗೆ ತಾವು ಎಷ್ಟು ನಿಜ ಹೇಳಿದೆವೆಂದು ಗೊತ್ತಿರಲಿಲ್ಲ. ಲಾರಿಯನ್ ನಗುತ್ತಿದ್ದ, 'ಇನ್ನೊಂದು ಸ್ವಲ್ಪ ಸಕ್ಕರೆ ಹಾಕಿ, ಗುಂಡಿಗೆ ಖರ್ಚಾಗಿದೆ,' ಎನ್ನುತ್ತಿದ್ದ. ಅವಳು ಲೋಟದೊಳಗೆ ನೋಡುತ್ತಾ ಕೂರುತ್ತಿದ್ದಳು. ಹರಕುಕಿವಿಯವಳು ಹೊಗೆಮನೆಯ ಮೀನಿಗಾಗಿ ಬಂದಿದ್ದಳೋ, ಮರಿಗಳನ್ನು ಬಿಟ್ಟುಹೋಗಲು ಬಂದಿದ್ದಳೋ, ಸುಮ್ಮನೆ ದಡದಲ್ಲಿ ಹಾದುಹೋಗುತ್ತಿದ್ದಳೋ ತಿಳಿಯದು. ತಿಳಿದಿರುವುದು ಒಂದೇ: ತಾನು ಬಾಯಿ ತೆರೆಯದಿದ್ದರೆ ಅವಳು ತಿರುಗುತ್ತಿರಲಿಲ್ಲ.

'ಇದು ನಿಮಗೆ,' ಎನ್ನುತ್ತಾ ಓರಿನ್ ಚೀಲದಿಂದ ಒಂದು ಚಪ್ಪಟೆ ಪೊಟ್ಟಣ ತೆಗೆದು ಅವಳ ತೊಡೆಯ ಮೇಲಿಟ್ಟ. ಕಾಗದ ಬಿಚ್ಚಿದರೆ ಕಟ್ಟು ಹಾಕಿಸಿದ ಫೋಟೋ. ಮುಂದೆ ಅವನದೇ ಬೂಟಿನ ತುದಿಗಳು, ಅವುಗಳಾಚೆ ಎರಡು ಮರಿಗಳ ಬೆನ್ನು, ಅದರಾಚೆ ನೀರಿಗೆ ಇಳಿಯುತ್ತಿರುವ ತಾಯಿ ತಲೆ ತಿರುಗಿಸಿ ನೋಡುತ್ತಿರುವುದು. 'ನೋಡಿ, ನಿಮ್ಮನ್ನೇ ನೋಡ್ತಿದ್ದಾಳೆ. ನನ್ನನ್ನಲ್ಲ.' 'ಚೆನ್ನಾಗಿದೆ,' ಎಂದಳು. 'ಎಲ್ಲಿ ಹಾಕ್ತೀರಿ?' 'ಮನೇಲಿ ಜಾಗ ನೋಡ್ಬೇಕು.' ಅವಳ ಬೆರಳಿನ ಪಿರೋಕಿನ ಜಿಡ್ಡು ಗಾಜಿನ ಮೇಲೆ ಅಂಟಿತು, ಒರೆಸಿದಷ್ಟೂ ಹರಡಿತು. ಮುದುಕ ತನ್ನ ಕರವಸ್ತ್ರ ಕೊಟ್ಟ. ಅವನ ಒಳ್ಳೆಯತನ ಅವಳಿಗೆ ಹೊಡೆತದಂತೆ ತಾಗಿತು. ಇವನು ಕೆಟ್ಟವನಾಗಿದ್ದರೆ, ದುಡ್ಡು ಕೊಟ್ಟಿದ್ದೇನೆ ಕರಡಿ ಎಲ್ಲಿ ಎಂದು ಜಬರ್ದಸ್ತು ಮಾಡುವವನಾಗಿದ್ದರೆ, ಎಷ್ಟು ಸುಲಭವಾಗಿತ್ತು.

ಆಗಲೇ ಮಾರ್ನಿ ಮೆಲ್ಲಗೆ ಅವಳ ತೋಳು ಮುಟ್ಟಿದಳು. ಆಲ್ಡರ್ ಪೊದೆಗಳಿಂದ ಒಂದು ಎಳೆಯ ಕರಡಿ ಹೊರಬಂದಿತ್ತು. ಬೆಳೆದಿತ್ತು, ಆದರೆ ಬಡಕಲು; ಕಾಲುಗಳೇ ಹೆಚ್ಚು, ಪಕ್ಕೆಯ ರೋಮ ಜಡೆಗಟ್ಟಿತ್ತು. ನೊರೆನೀರಿನ ಗಂಡನ್ನು ಕಂಡು ನಿಂತು, ದೊಡ್ಡ ಬಳಸು ಹಾಕಿ, ಹೊಟ್ಟೆ ನೆಲಕ್ಕೆ ತಾಗಿಸುವಷ್ಟು ಕುಗ್ಗಿಕೊಂಡು, ದಿಮ್ಮಿಯ ಕಡೆಗೇ ಬಂತು. ಕೊರಳಿನ ಪಟ್ಟಿ ಮಾಸಿ ಹುಲ್ಲಿನ ಬಣ್ಣವಾಗಿದ್ದರೂ ಇತ್ತು. ಹತ್ತು ಹೆಜ್ಜೆಯಾಚೆ ನಿಂತು ಅಗ್ರಫೀನಾಳನ್ನು ನೋಡಿತು. ಆಮೇಲೆ ಬೆನ್ನು ತಿರುಗಿಸಿ, ನದಿಯ ಕಡೆ ಮೂತಿ ಮಾಡಿ, ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿತು.

ಓರಿನ್‌ನ ಕಣ್ಣು ತುಂಬಿತ್ತು. 'ಇನ್ನೊಂದು ಹಿಂದೆ ಇರ್ಬೇಕು. ತಾಯಿ ಬರ್ತಾಳೆ, ಅಲ್ಲಿ ನೋಡ್ತಾ ಇರಿ,' ಎಂದು ಪಿಸುಗುಟ್ಟಿದ. ಉಳಿದ ಐದೂ ಜನ ಆಲ್ಡರ್ ಪೊದೆಗಳ ಕಡೆ ತಿರುಗಿದರು, ಕ್ಯಾಮೆರಾಗಳೂ ತಿರುಗಿದವು, ಎಲೆ ಅಲುಗಿದಲ್ಲೆಲ್ಲ ಹುಡುಕಿದವು. ಅಗ್ರಫೀನಾ ಮಾತ್ರ ಮಲಗಿದ್ದರ ಬೆನ್ನನ್ನು ನೋಡುತ್ತಿದ್ದಳು. ಒಂದು ಚಳಿಗಾಲವನ್ನು ಇದು ಒಂಟಿಯಾಗಿ ದಾಟಿದೆ. ಗುಂಡಿನ ಸದ್ದನ್ನು ಕೇಳಿದೆ, ತಾಯಿ ಕೂತದ್ದನ್ನು ನೋಡಿದೆ, ಆದರೂ ಬಂದು ಇಲ್ಲೇ ಮಲಗಿದೆ. ಗುಂಡು ಹಾರಿದ್ದು ಮಂಜಿನಿಂದ ಎಂದುಕೊಂಡಿತೋ ಏನೋ. ಮನುಷ್ಯರ ಹತ್ತಿರ ಬಂದರೆ ಉಳಿಯುತ್ತೇನೆ ಎಂಬುದೊಂದೇ ತಾಯಿ ಇದಕ್ಕೆ ಕೊಟ್ಟುಹೋದ ಆಸ್ತಿ. ತಾಯಿಗೆ ಅದನ್ನು ಕೊಟ್ಟವಳು ತಾನು. ಇವತ್ತು ಇಲ್ಲಿ ಮಲಗುತ್ತದೆ, ನಾಳೆಯೂ ಮಲಗುತ್ತದೆ, ಆರೂ ಜನ ಅಳುತ್ತಾರೆ. ಸೆಪ್ಟೆಂಬರಿನಲ್ಲಿ ಬಯಲು ಖಾಲಿಯಾದಾಗ ಮನುಷ್ಯರನ್ನು ಹುಡುಕಿಕೊಂಡು ದಡ ಹಿಡಿದು ಹಳ್ಳಿಗೆ ಬರುತ್ತದೆ, ಯಾರದೋ ಹೊಗೆಮನೆಯ ಮುಂದೆ ಹೀಗೇ ಬೆನ್ನುಹಾಕಿ ಮಲಗುತ್ತದೆ. ಓಡಿಸಿದರೆ? ನೊರೆನೀರಿನಲ್ಲಿ ಆ ಗಂಡು ನಿಂತಿದೆ. ಎರಡು ತಿಂಗಳ ನಂತರ ಹಳ್ಳಿಯವರ ಗುಂಡೋ, ಈಗಲೇ ಆ ಗಂಡಿನ ಹಲ್ಲೋ. ಹಲ್ಲಾದರೆ ಓಡಲು ಕಾಲಾದರೂ ಇದೆ.

ಅವಳು ಎದ್ದು ನಿಂತಳು. ಅವಳ ಕೆಲಸದಲ್ಲಿ ಹಾಗೆ ಧಡಕ್ಕನೆ ಏಳುವುದೇ ತಪ್ಪು. 'ಯಾರೂ ಏಳ್ಬೇಡಿ,' ಎಂದಳು. ಕಾಲಬುಡದ ಕಲ್ಲುಗಳಲ್ಲಿ ಮುಷ್ಟಿ ತುಂಬುವಂಥ ನಾಲ್ಕನ್ನು ಆರಿಸಿ ಅಂಗಿಯ ಜೇಬಿಗೆ ಹಾಕಿಕೊಂಡಳು. ಮೊದಲನೆಯದು ಗುರಿ ತಪ್ಪಿ ಪಕ್ಕದಲ್ಲಿ ಬಿತ್ತು. ಮರಿ ಕುತ್ತಿಗೆ ಚಾಚಿ ಕಲ್ಲನ್ನು ಮೂಸಿತು, ತಿನ್ನುವುದಲ್ಲವೆಂದು ಮತ್ತೆ ಗದ್ದ ಊರಿತು. ಎರಡನೆಯದು ಹೆಗಲಿಗೆ ಬಿತ್ತು. ಅದು ಎದ್ದು, ಹೊಡೆತ ಎಲ್ಲಿಂದ ಬಂತೆಂದು ಸುತ್ತ ನೋಡಿ, ನದಿಯ ಗಂಡನ್ನು ನೋಡಿ, ಹೆದರಿ ಅವರ ಹತ್ತಿರಕ್ಕೇ ಐದು ಹೆಜ್ಜೆ ಬಂತು. ಗಂಡಹೆಂಡತಿ ಒಬ್ಬರನ್ನೊಬ್ಬರು ಹಿಡಿದುಕೊಂಡರು. 'ಏನ್ ಮಾಡ್ತಿದ್ದೀರಿ ನೀವು? ಅದು ಏನೂ ಮಾಡ್ತಿಲ್ಲ,' ಎಂದಳು ಮಾರ್ನಿ.

ಅದಕ್ಕೆ ಕಲ್ಲಿನ ಭಯ ಮಾತ್ರ ಹತ್ತುತ್ತಿದೆ, ಮನುಷ್ಯರದ್ದಲ್ಲ ಎಂದು ಅಗ್ರಫೀನಾಳಿಗೆ ಆಗ ಹೊಳೆಯಿತು. ಹೊಡೆತ ಮತ್ತು ತಾನು ಒಂದೇ ಎಂದು ಅದಕ್ಕೆ ತಿಳಿಯಬೇಕು. ತಿಳಿಸುವ ದಾರಿಯೂ ಗೊತ್ತಿತ್ತು. ಬಾಯಿ ತೆರೆದಳು. ಈ ಬೇಸಿಗೆಯಲ್ಲಿ ಒಮ್ಮೆಯೂ ಸರಿಯಾಗಿ ಬಾರದಿದ್ದ ದನಿ ತಿಳಿಯಾಗಿ, ಬೆಚ್ಚಗೆ, ಹಿಟ್ಟು ನಾದುವವಳ ಹದದಲ್ಲೇ ಹೊರಬಂತು. 'ನಾವಮ್ಮ, ನಾವೇ. ಇಲ್ಲೇ ಕೂತಿದ್ದೀವಿ.' ಮರಿಯ ಕಿವಿಗಳು ಮುಂದಕ್ಕೆ ನಿಮಿರಿದವು. ಅದು ಮುಖವೆತ್ತಿತು. ಮೈಯ ಬಲವನ್ನೆಲ್ಲ ಹಾಕಿ ಆ ಮುಖಕ್ಕೆ ಕಲ್ಲು ಬೀಸಿದಳು. ಮೂತಿಯ ಮೇಲೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಅದು ನಾಯಿಯಂತೆ ಕಿರುಚಿ ಹಿಂದೆ ಸರಿದು, ಆದರೂ ನಿಂತು, ನಂಬದೆ ನೋಡಿತು. 'ಎಲ್ಲೂ ಹೋಗಲ್ಲಮ್ಮ, ಇಲ್ಲೇ ಇರ್ತೀವಿ,' ಎನ್ನುತ್ತಾ ಅವಳು ಅದರ ಮೇಲೆ ನಡೆದುಹೋದಳು, ಕೊನೆಯ ಕಲ್ಲನ್ನೂ ಎಸೆದು, ಸೊಂಟದ ಚೀಲದ ಬೆಂಕಿಕಡ್ಡಿಯ ತಲೆ ಉಜ್ಜಿ ಹೊತ್ತಿಸಿದಳು. ಕೆಂಪು ಬೆಂಕಿ ಬುಸುಗುಟ್ಟಿತು. ಮಾತು ಮಾತ್ರ ಏರಲಿಲ್ಲ, ಇಳಿಯಲಿಲ್ಲ. ಜೋಗುಳದಂತೆ ಅದೇ ಸಮದಲ್ಲಿ ನಡೆಯಿತು, ನಿಮ್ಮ ಪಾಡಿಗೆ ನೀವಿರಿ, ನಿಮ್ಮ ಪಾಡಿಗೆ ನೀವಿರಿ. ಆಗ ಅದು ಓಡಿತು. ಜೊಂಡು ಸೀಳಿಕೊಂಡು, ನದಿಯ ಕೆಳಮುಖಕ್ಕೆ ಹಾರಿ, ನೀರು ಚಿಮ್ಮಿಸಿಕೊಂಡು ಆಚೆ ದಡ ಹತ್ತಿತು. ನೊರೆನೀರಿನ ಗಂಡು ತಲೆಯೆತ್ತಿತು. ನಾಲ್ಕು ಹೆಜ್ಜೆ ನಿಧಾನ ನಡೆದು, ಆಮೇಲೆ ನಿಧಾನ ಬಿಟ್ಟು, ಅದರ ಹಿಂದೆಯೇ ಪೊದೆಯೊಳಗೆ ಹೋಯಿತು. ಕೊಂಬೆಗಳು ಮುರಿದ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು.

ಬೆಂಕಿಕಡ್ಡಿ ಆರುವವರೆಗೂ ಅವಳು ಅಲ್ಲೇ ನಿಂತಿದ್ದಳು. ತಿರುಗಿ ಬಂದಾಗ ದಿಮ್ಮಿಯ ಮೇಲೆ ಅವಳ ಜಾಗದ ಎರಡೂ ಪಕ್ಕ ಖಾಲಿಯಾಗಿತ್ತು. ಎಲ್ಲರೂ ಒಂದು ತುದಿಗೆ ಸರಿದು ಕೂತಿದ್ದರು. 'ನಾನಿದನ್ನ ಬರೆದು ತಿಳಿಸ್ತೀನಿ. ನಿಮ್ಮಂಥವರನ್ನ ಇಲ್ಲಿ ಬಿಡಬಾರದು,' ಎಂದಳು ಮಾರ್ನಿ. 'ಬರೀರಿ,' ಎಂದಳು ಅಗ್ರಫೀನಾ. 'ಅದರ ತಾಯಿಯನ್ನ ಕೊಂದಿದ್ದೂ ನಾನೇ. ಹೋದ ಸೆಪ್ಟೆಂಬರಲ್ಲಿ, ನನ್ನ ಹೊಗೆಮನೆ ಮುಂದೆ. ಮಾತಾಡಿಸಿದೆ, ಬಂದಳು, ಹೊಡೆದೆ. ಅದನ್ನೂ ಸೇರಿಸಿ ಬರೀರಿ.' ಹೇಳಿದ್ದು ಹುಡುಗಿಗಾದರೂ ನೋಡುತ್ತಿದ್ದದ್ದು ಬಯಲನ್ನು. ಆಚೆಯವರಿಗೆ ಎಲ್ಲ ಕೇಳಿಸುತ್ತದೆಯಂತೆ. ಕೇಳಲಿ. ಓರಿನ್ ಬಗ್ಗಿ, ಅವಳು ಏಳುವಾಗ ಹುಲ್ಲಿನ ಮೇಲೆ ಬಿದ್ದಿದ್ದ ಫೋಟೋವನ್ನು ಎತ್ತಿ, ಕಾಗದ ಸುತ್ತಿ, ತನ್ನ ಚೀಲದೊಳಕ್ಕೆ ಹಾಕಿಕೊಂಡ. ಅದು ನ್ಯಾಯವೆಂದೇ ಅವಳಿಗನಿಸಿತು. ಭರತ ತಿರುಗಲು ಇನ್ನೂ ಮೂರು ಗಂಟೆಯಿತ್ತು. ಆ ಮೂರು ಗಂಟೆಯೂ ಅವರೆಲ್ಲ ಅವಳನ್ನೇ ನಂಬಿ ಕೂರಬೇಕಿತ್ತು, ಬೇರೆ ದಾರಿಯಿರಲಿಲ್ಲ. ಒಮ್ಮೆ ಒಂದು ಮುದಿ ಹೆಣ್ಣು ದೂರದಲ್ಲಿ ಜೊಂಡು ಮೇಯುತ್ತಾ ಹಾದುಹೋಯಿತು. ಯಾರೂ ಕ್ಯಾಮೆರಾ ಎತ್ತಲಿಲ್ಲ. ಆಚೆ ದಡದ ಪೊದೆಯಿಂದ ಏನೂ ಹೊರಬರಲಿಲ್ಲ.

ದೋಣಿಯ ಸದ್ದು ಕೇಳಿದಾಗ ಎಲ್ಲರೂ ಒಟ್ಟಿಗೆ ಎದ್ದರು. ದಡಕ್ಕೆ ಬಂದ ಲಾರಿಯನ್ ಒಬ್ಬೊಬ್ಬರ ಮುಖವನ್ನೂ ನೋಡಿ, 'ಏನಕ್ಕ, ಯಾರಾದ್ರೂ ಸತ್ರಾ?' ಎಂದ, ನಗಿಸಲು.

'ಹೇಳ್ಬಿಟ್ಟೆ ಕಣೋ.'

'ಏನನ್ನ?'

'ಯಾರು ಹೊಡೆದಿದ್ದು ಅಂತ. ನಾಳೆ ಕಚೇರಿಗೂ ಹೋಗಿ ಹೇಳ್ತೀನಿ. ಕಾಗದ ತಿದ್ಲಿ.'

ಅವನು ಹಗ್ಗದ ಗಂಟನ್ನು ಸುಮ್ಮನೆ ಬಿಚ್ಚಿದ, ಮತ್ತೆ ಕಟ್ಟಿದ. 'ಹಂಗಾದ್ರೆ ಇಷ್ಟು ತಿಂಗಳು ನಾನು ಬೈಸ್ಕೊಂಡಿದ್ದು ದಂಡವೇ ಆಯ್ತಲ್ಲ,' ಎಂದ ಕೊನೆಗೆ. 'ಸುಳ್ಳು ಸಹಿ ಹಾಕಿದ್ದಕ್ಕೆ ನನ್ನ ಹಿಡ್ಕೊಂಡ್ರೆ ಊಟ ನೀನೇ ತಂದುಕೊಡ್ಬೇಕು. ಸೀದಿರೋ ಪಿರೋಕ್ ಬೇಡ.' ಅವಳು ನಗಲಿಲ್ಲ, ಅವನೂ ನಗಲಿಲ್ಲ. ಅವಳು ಮೊಣಕಾಲುದ್ದ ನೀರಿನಲ್ಲಿ ನಿಂತು ಹತ್ತುವವರಿಗೆ ಕೈಚಾಚಿದಳು. ಮಾರ್ನಿ ಆ ಕೈಯನ್ನು ನೋಡದವಳಂತೆ ದೋಣಿಯ ಅಂಚು ಹಿಡಿದು ಹತ್ತಿದಳು. ಗಂಡಹೆಂಡತಿ ಹಿಡಿದರು, ಹಿಡಿದದ್ದು ತಿಳಿಯದಷ್ಟು ಹಗುರವಾಗಿ. ಓರಿನ್ ಕಾಲೆತ್ತಲಾರದೆ ಒಮ್ಮೆ ಜಾರಿದ. ಅವಳು ಚಾಚಿದ ಕೈಯನ್ನು ಬಿಟ್ಟು ಲಾರಿಯನ್‌ನ ಭುಜ ಹಿಡಿದು ಒಳಗೆ ಬಿದ್ದ.

'ಅಕ್ಕ, ಅಲ್ಲಿ,' ಎಂದ ಲಾರಿಯನ್.

ನದಿ ಸಮುದ್ರ ಸೇರುವ ಕಡೆ, ಆಚೆಯ ಮರಳಿನ ಮೇಲೆ, ಅದು ನಿಂತಿತ್ತು. ಒಂದು ಹಿಂಗಾಲನ್ನು ಪೂರಾ ಊರುತ್ತಿರಲಿಲ್ಲ, ತೊಡೆಯ ರೋಮ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು. ಆದರೆ ನಿಂತಿತ್ತು. ಗಾಳಿ ಅವರ ಕಡೆಯಿಂದ ಅದರ ಕಡೆಗೆ ಬೀಸುತ್ತಿತ್ತು. ಅದು ಮೂಗೆತ್ತಿ, ಹಿಂಗಾಲುಗಳ ಮೇಲೆ ಎದ್ದು, ಮನುಷ್ಯರಂತೆ ನೇರ ನಿಂತು ಗಾಳಿ ಮೂಸಿತು. ಆಮೇಲೆ ಅದು ಧೊಪ್ಪನೆ ನಾಲ್ಕೂ ಕಾಲಿಗೆ ಬಿದ್ದು, ತಿರುಗಿ, ಕುಂಟುತ್ತಲೇ ಓಡತೊಡಗಿತು, ದಡ ಬಿಟ್ಟು, ಜೊಂಡು ಬಿಟ್ಟು, ಬೆಟ್ಟದ ಕಡೆಗೆ. ಇಪ್ಪತ್ತೆರಡು ಬೇಸಿಗೆಗಳಲ್ಲಿ ಈ ಬಯಲಿನ ಯಾವ ಕರಡಿಯೂ ಅವಳ ವಾಸನೆಗೆ ಓಡಿರಲಿಲ್ಲ.

'ನಮ್ಮನ್ನ ಕಂಡು ಓಡ್ತಲ್ಲ,' ಎಂದ ಲಾರಿಯನ್ ಮೆಲ್ಲಗೆ. 'ಹತ್ತು, ಹೊರಡೋಣ.'

ಅವಳು ಹತ್ತಲಿಲ್ಲ. ಭರತದ ನೀರು ಬೂಟಿನ ಬಾಯಿ ದಾಟಿ ಒಳಗಿಳಿಯುತ್ತಿತ್ತು. ಇಳಿಜಾರಿನ ಅರ್ಧದಲ್ಲಿ ಆ ಕಂದು ಬಣ್ಣದ ಚುಕ್ಕೆಯ ವೇಗ ಕುಂದಿತು, ತಿರುಗಿ ನೋಡುವುದೋ ಏನೋ ಅನ್ನಿಸಿತು. ನಿಲ್ಲಬೇಡ ಎನ್ನಲು ಬಾಯಿ ತೆರೆದವಳು, ಗಾಳಿ ಅತ್ತಲೇ ಬೀಸುತ್ತಿದೆ, ದನಿ ಕೇಳಿದರೆ ತಿರುಗಿ ಬಂದೀತು ಎಂದು ತುಟಿ ಬಿಗಿಹಿಡಿದು ನಿಂತಳು.